ಕಪ್ಪು ಕತೆಯ ಕರಡು ಓದುವವರು ಬೇಕು

ಶಹಾಬಾದ್, ವಾಡಿ ಸುತ್ತಮುತ್ತ ಫರಸಿ ಕಲ್ಲು ತೆಗೆದು ಕೈಬಿಟ್ಟ ಖಣಿಗಳು ಬಹಳ. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಯಲ್ಲೂ ಹಸಿರುಗಪ್ಪಾಗಿ ನಿಂತಿರುತ್ತದೆ. ಆಳ ಎಷ್ಟೆಂದು ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ಅಂಥದೊಂದು ಖಣಿಯ ಸುತ್ತ ಹಿಂದೊಮ್ಮೆ ಕತೆ ಬರೆದಿದ್ದೆ. ಮಗನನ್ನು ಆ ನೀರಿಗೆ ಕಳೆದುಕೊಂಡ ಮುದುಕಿ ನಡುರಾತ್ರಿ ಎದ್ದು ಕೂತು, ‘ಖಣ್ಯಾಗಿಂದ ಯಾರೋ ಕರೀಲಾಕತ್ತಾರ’ ಎನ್ನುತ್ತಾಳೆ. ಪುಸ್ತಕ ಅಚ್ಚಾಗಿ ಕೈಗೆ ಬಂದಾಗ ಅದೇ ಮುದುಕಿ ‘ಕಲ್ಲುಗಣಿಯಿಂದ ಯಾರೋ ಕರೆಯುತ್ತಿದ್ದಾರೆ’ ಎನ್ನುತ್ತಿದ್ದಳು. ಮುಖಪುಟದ ಮೇಲೆ ಕೂದಲು ಬಿಚ್ಚಿದ, ಕೆಂಗಣ್ಣಿನ ಹೆಂಗಸು. ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರ. ಪ್ರಕಾಶಕರು ಕೆಟ್ಟವರೇನಲ್ಲ. ಕರಡು ಓದುವ ಪುರುಸೊತ್ತು ಅವರಿಗಿರಲಿಲ್ಲ. ಡಿಟಿಪಿ ಮಾಡಿದ ಹುಡುಗ ತಾನು ಶಾಲೆಯಲ್ಲಿ ಕಲಿತ ಕನ್ನಡಕ್ಕೆ ನನ್ನ ಮುದುಕಿಯನ್ನು ತಿದ್ದಿದ್ದ. ಅವಳ ಬಾಯಿಂದ ಮಾತು ಹೋದ ಮೇಲೆ ಕತೆಯಲ್ಲಿ ಭಯವೂ ಉಳಿಯಲಿಲ್ಲ.

ಈ ಸೀಮೆಗೆ ಕಪ್ಪು ಕತೆ ಹೊಸತಲ್ಲ. ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯಲ್ಲಿ ಹುಟ್ಟಿದ ಚೆನ್ನಣ್ಣ ವಾಲೀಕಾರರ ಒಂದು ಸಂಕಲನದ ಹೆಸರೇ ‘ಕಪ್ಪು ಕಥೆಗಳು’. ಗೀತಾ ನಾಗಭೂಷಣರ ‘ಹಸಿಮಾಂಸ ಮತ್ತು ಹದ್ದುಗಳು’ ಹೆಸರಿನಲ್ಲೇ ಮೈ ನಡುಗಿಸುತ್ತದೆ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಬದುಕು’ ಕಲಬುರಗಿಯ ಬಡವರ ಓಣಿಗಳ ಮಾತಿನಲ್ಲೇ ಮೈದಳೆದ ಕಾದಂಬರಿ. ಇವರಿಬ್ಬರಿಗೂ ಕತ್ತಲೆಯೆಂದರೆ ದೆವ್ವವಲ್ಲ. ಜಾತಿ, ಹಸಿವು, ಹೆಣ್ಣಿನ ಮೈಮೇಲಿನ ದಬ್ಬಾಳಿಕೆ. ಅವರ ನಂತರದವರ ಮುಂದೆ ಇನ್ನೂ ಎಷ್ಟೋ ಇದೆ: ಅಜ್ಜಂದಿರು ಪಿಸುಮಾತಿನಲ್ಲಿ ಹೇಳುವ ರಜಾಕಾರರ ದಿನಗಳು, ಸಿಮೆಂಟ್ ದೂಳು ಕೂತ ತೊಗರಿ ಹೊಲ, ದುಡಿಯಲು ಮುಂಬೈ, ಹೈದರಾಬಾದಿಗೆ ಹೋದವರ ಬೀಗ ಹಾಕಿದ ಮನೆ, ಚಿಂಚೋಳಿಯ ಕಾಡಂಚಿನ ತಾಂಡಾಗಳ ರಾತ್ರಿ. ಬರೆಯುವ ಹುಡುಗ ಹುಡುಗಿಯರೂ ಇದ್ದಾರೆ. ಅವರ ಎದುರು ಕೂತು ಕರಡು ಓದುವ ಪ್ರಕಾಶಕರು ಇಲ್ಲ.

ಸಣ್ಣ ಪ್ರಕಾಶನಗಳು ಬೇಕಾದಷ್ಟಿವೆ. ಆದರೆ ಹಲವೆಡೆ ನಡೆಯುವುದು ಪ್ರಕಾಶನವಲ್ಲ, ಮುದ್ರಣ. ಲೇಖಕನೇ ದುಡ್ಡು ಕೊಡಬೇಕು. ಮುನ್ನೂರೋ ಐನೂರೋ ಪ್ರತಿ ಅಚ್ಚಾಗುತ್ತವೆ. ಒಂದು ಕಟ್ಟು ಲೇಖಕನ ಮನೆಗೆ, ಉಳಿದದ್ದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ದಾರಿ ಕಾಯುತ್ತದೆ. ಆ ಖರೀದಿಯಲ್ಲಿ ಬೆಲೆ ನಿಗದಿಯಾಗುವುದು ಪುಟದ ಲೆಕ್ಕದಲ್ಲಿ. ಸಂಪಾದಕ ಹದಿನೈದು ಪುಟ ಕಡಿದು ಕತೆಯನ್ನು ಬಿಗಿ ಮಾಡಿದರೆ ಅಷ್ಟರ ಮಟ್ಟಿಗೆ ಪುಸ್ತಕದ ಬೆಲೆಯೇ ಇಳಿಯುತ್ತದೆ. ಕಲಾವಿದ ತಿಂಗಳುಗಟ್ಟಲೆ ಕೂತು ಚಿತ್ರ ಬರೆದರೂ ಅದೇ ದರ. ಓದಿ ತಿದ್ದುವವರಿಗೂ ಬರೆಯುವ ಕುಂಚಕ್ಕೂ ಈ ಲೆಕ್ಕದಲ್ಲಿ ಜಾಗವೇ ಇಲ್ಲದ ಮೇಲೆ ಸಣ್ಣ ಪ್ರಕಾಶಕನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಆದರೂ ಸಣ್ಣ ಪ್ರಕಾಶನ ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1933ರಲ್ಲಿ ಜಿ.ಬಿ. ಜೋಶಿ ಕಟ್ಟಿದ ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಹಸ್ತಪ್ರತಿಗಳ ಮೇಲೆ ಜಗಳವೇ ನಡೆಯುತ್ತಿತ್ತು. ಕನ್ನಡದಲ್ಲಿ ಗಟ್ಟಿ ಐತಿಹಾಸಿಕ ನಾಟಕವಿಲ್ಲ ಎಂದು ಕೀರ್ತಿನಾಥ ಕುರ್ತಕೋಟಿ ಆಡಿದ ಮಾತು ಗಿರೀಶ ಕಾರ್ನಾಡರನ್ನು ಚುಚ್ಚಿತು, ‘ತುಘಲಕ್’ ಹುಟ್ಟಿತು. ಬೆಂಗಳೂರಿನ ಛಂದ ಪುಸ್ತಕ ಹೊಸ ಕತೆಗಾರರ ಹಸ್ತಪ್ರತಿಗಳನ್ನು ಕರೆದು, ಆರಿಸಿ, ಬಹುಮಾನ ಕೊಟ್ಟು ಅಚ್ಚು ಹಾಕುತ್ತ ಬಂದಿದೆ. ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದಾಗ ಅವನ್ನು ಹೊರತಂದಿದ್ದು ಲಂಡನ್ನಿನ ದೈತ್ಯ ಸಂಸ್ಥೆಯಲ್ಲ, ಶೆಫೀಲ್ಡ್ ಊರಿನ ಆ್ಯಂಡ್ ಅದರ್ ಸ್ಟೋರೀಸ್ ಎಂಬ ಸಣ್ಣ ಪ್ರಕಾಶನ.

ಭಯದ ಸಾಹಿತ್ಯದ ಚರಿತ್ರೆಯಲ್ಲೇ ಇದಕ್ಕೊಂದು ದೊಡ್ಡ ಸಾಕ್ಷಿ ಇದೆ. ಅಮೆರಿಕದ ಕತೆಗಾರ ಎಚ್.ಪಿ. ಲವ್‌ಕ್ರಾಫ್ಟ್ 1937ರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲದಂತೆ ತೀರಿಕೊಂಡ. ಅವನ ಕತೆಗಳನ್ನು ಮುಟ್ಟುವ ದೊಡ್ಡ ಪ್ರಕಾಶಕರಿರಲಿಲ್ಲ. ಆಗಸ್ಟ್ ಡರ್ಲೆತ್, ಡೊನಾಲ್ಡ್ ವಾಂಡ್ರೆ ಎಂಬ ಇಬ್ಬರು ಗೆಳೆಯರು 1939ರಲ್ಲಿ ವಿಸ್ಕಾನ್ಸಿನ್‌ನ ಸಾಕ್ ಸಿಟಿ ಎಂಬ ಸಣ್ಣ ಊರಿನಲ್ಲಿ ಆರ್ಕಮ್ ಹೌಸ್ ತೆರೆದರು. ಮೊದಲ ಪುಸ್ತಕದ ಪ್ರತಿಗಳು 1268. ಅವು ಖಾಲಿಯಾಗಲು ವರ್ಷಗಳೇ ಹಿಡಿದವು. ಅದರ ಹೊದಿಕೆಗೆ ಅವರು ಆರಿಸಿದ್ದು, ಇಂಥ ಕತೆಗಳಿಗೆಂದೇ ಪತ್ರಿಕೆಗಳಲ್ಲಿ ಚಿತ್ರ ಬರೆದು ಪಳಗಿದ್ದ ವರ್ಜಿಲ್ ಫಿನ್ಲೇಯ ಕೆಲಸವನ್ನು. ಸಾಕ್ ಸಿಟಿ ನಮ್ಮ ಸೇಡಂಗಿಂತ ದೊಡ್ಡ ಊರಲ್ಲ.

ಇಷ್ಟಾದರೂ ಅಲ್ಲಿನ ಮಾದರಿಯನ್ನು ಇಲ್ಲಿಗೆ ತಂದು ನೆಟ್ಟರೆ ಆಗುವುದಿಲ್ಲ. ಸೇಡಂ, ಚಿಂಚೋಳಿ ಕಡೆಯ ಕಪ್ಪು ಕತೆಗೆ ಒಂದು ಅಪಾಯವಿದೆ. ಅದರ ಹೆಸರು ಭಾನಾಮತಿ, ಅಂದರೆ ಮಾಟ. ಮನೆಯ ಮೇಲೆ ಕಲ್ಲು ಬೀಳುತ್ತವೆ, ಪೆಟ್ಟಿಗೆಯೊಳಗಿನ ಬಟ್ಟೆಗೆ ಬೆಂಕಿ ಹತ್ತುತ್ತದೆ, ಹೆಂಗಸರು ನಾಯಿಯಂತೆ ಬೊಗಳುತ್ತಾರೆ ಎಂಬ ಸುದ್ದಿಗಳನ್ನು ಕೇಳುತ್ತಲೇ ಇಲ್ಲಿನ ಮಕ್ಕಳು ಬೆಳೆದಿದ್ದಾರೆ. ಕತೆಗಾರನಿಗೆ ಇದು ಚಿನ್ನದಂಥ ಸಾಮಗ್ರಿ. ಆದರೆ ಲವ್‌ಕ್ರಾಫ್ಟ್‌ನ ಸಮುದ್ರದ ಭೂತವನ್ನು ನಂಬಿ ಯಾರೂ ನೆರೆಮನೆಯವಳನ್ನು ಹೊಡೆಯುವುದಿಲ್ಲ. ಭಾನಾಮತಿಯನ್ನು ನಂಬಿ ಹೊಡೆದಿದ್ದಾರೆ. ಗಡಿಯಾಚೆಯ ಮೆದಕ್ ಸೀಮೆಯಲ್ಲಿ ಮಂತ್ರ ಹಾಕಬಾರದೆಂದು ಹಲ್ಲು ಕಿತ್ತ ಪ್ರಕರಣಗಳಾಗಿವೆ. ಆಪಾದನೆ ಬರುವುದು ಬಹುಮಟ್ಟಿಗೆ ಬಡವರ ಮೇಲೆ, ಒಂಟಿ ಹೆಂಗಸಿನ ಮೇಲೆ. ವಾಮಾಚಾರದ ವಿರುದ್ಧ 2017ರಲ್ಲಿ ರಾಜ್ಯ ಕಾಯ್ದೆಯನ್ನೇ ಮಾಡಬೇಕಾಯಿತು. ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕನ್ನಡಕ್ಕೆ ಬಂದು ಓದುಗರ ನಿದ್ದೆ ಕೆಡಿಸಿದ್ದು, 1985ರಲ್ಲಿ ಸಿನಿಮಾ ಆದದ್ದು ನನ್ನ ತಲೆಮಾರಿಗೆ ಗೊತ್ತು. ಊರಲ್ಲಿ ಅದನ್ನು ಬರೀ ಕತೆಯೆಂದು ಓದಿದವರಿದ್ದಂತೆ ಖರೇ ಎಂದು ಓದಿದವರೂ ಇದ್ದರು.

ಹಾಗೆಂದು ಭಾನಾಮತಿ ಬರೆಯಬೇಡಿ ಎನ್ನುವವನಲ್ಲ ನಾನು. ಬರೆಯಲೇಬೇಕು. ಆದರೆ ಭಯ ಯಾರದು ಎಂದು ಕತೆಗಾರನನ್ನು ಕೇಳುವವರೊಬ್ಬರು ಬೇಕು. ಕಲ್ಲು ಬೀಳುವ ಮನೆಯವರದೋ, ರಾತ್ರಿ ಬಾಗಿಲ ಹೊರಗೆ ಜನ ಸೇರುವ ಸದ್ದು ಕೇಳಿಸಿಕೊಳ್ಳುತ್ತ ಒಳಗೆ ಕೂತ ಮುದುಕಿಯದೋ? ನನಗಂತೂ ಎರಡನೆಯದು ಹೆಚ್ಚು ಭೀಕರ. ಅದೇ ಊರು, ಅದೇ ರಾತ್ರಿ, ಎರಡು ಬೇರೆ ಕತೆಗಳು. ಈ ಪ್ರಶ್ನೆ ಕೇಳಲು ಹಸ್ತಪ್ರತಿಯನ್ನು ಎರಡು ಮೂರು ಸಲ ಓದಿರಬೇಕು, ಆ ಊರಿನ ಓಣಿಗಳೂ ಗೊತ್ತಿರಬೇಕು. ಬೆಂಗಳೂರಿನ ದೊಡ್ಡ ಸಂಸ್ಥೆಗೂ ಟಿ.ವಿ. ಧಾರಾವಾಹಿಗೂ ಆಗದ ಈ ಕೆಲಸ ಚಿತ್ತಾಪುರದಲ್ಲೋ ಸೇಡಂನಲ್ಲೋ ಇರುವ ಸಣ್ಣ ಪ್ರಕಾಶಕನ ಕೈಲಿ ಆಗುತ್ತದೆ.

ಭಾಷೆಯ ಮಾತೂ ಇದಕ್ಕೇ ಸೇರಿದ್ದು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡ ಒಂದಲ್ಲ, ಹಲವು ಎಂದು ಒಪ್ಪಿಕೊಂಡಿತ್ತು. ಅದೇ ಕಾಗಿಣಾ ದಂಡೆಯ ಡಿಟಿಪಿ ಅಂಗಡಿಗಳಲ್ಲಿ ನಾವು ‘ಬರ್ಲಾಕತ್ತಾದ’ವನ್ನು ‘ಬರುತ್ತಿದೆ’ ಮಾಡುತ್ತಿದ್ದೇವೆ.

ಕಲಾವಿದರಿಗೂ ಇಲ್ಲಿ ಬರವಿಲ್ಲ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬೈಗೆ ಹೋಗಿ ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಬರೆದ ಮುಖಪುಟಗಳು ದೇಶಕ್ಕೇ ಗೊತ್ತು. ಇವತ್ತೂ ಕಲಬುರಗಿಯ ಕಲಾ ಶಾಲೆಗಳಿಂದ ಪ್ರತಿವರ್ಷ ಹುಡುಗರು ಹೊರಬರುತ್ತಾರೆ. ಅವರಲ್ಲೊಬ್ಬರನ್ನು ಹಸ್ತಪ್ರತಿಯ ಹಂತದಲ್ಲೇ ಕರೆದು, ಕತೆ ಓದಿಸಿ, ಲೇಖಕನ ಜೊತೆ ಖಣಿಯ ದಂಡೆಗೆ ಕಳಿಸಿದರೆ ಕೆಂಗಣ್ಣಿನ ಹೆಂಗಸು ತಾನಾಗಿ ಮುಖಪುಟ ಬಿಟ್ಟು ಹೋಗುತ್ತಾಳೆ. ಅದಕ್ಕೆ ಸಂಭಾವನೆ ಕೊಡಬೇಕು. ‘ಹೆಸರು ಹಾಕ್ತೀವಿ’ ಎಂದು ಬೆನ್ನು ತಟ್ಟಿ ಕಳಿಸುವುದು ನಿಲ್ಲಬೇಕು.

ದುಡ್ಡು ಎಲ್ಲಿಂದ ಎಂದು ಕೇಳಬಹುದು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಹೋಗುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ರಸ್ತೆಗೂ ಶಾಲಾ ಕೋಣೆಗೂ ಹೋಗುವುದು ಸರಿಯೇ, ಅದರಲ್ಲಿ ಒಂದು ಸಣ್ಣ ಪಾಲು ಹಸ್ತಪ್ರತಿ ತಿದ್ದುವವರಿಗೆ ಬರಲಿ. ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಧನಸಹಾಯ ಕೊಡುತ್ತದೆ. ಆ ಹಣದಲ್ಲಿ ಸಂಪಾದಕರಿಗೆ ಇಷ್ಟು, ಕಲಾವಿದರಿಗೆ ಇಷ್ಟು ಎಂದು ಬೇರೆಯಾಗಿ ತೋರಿಸಲಿ. ಸಗಟು ಖರೀದಿಯ ಅರ್ಜಿಯಲ್ಲಿ ಪುಟಗಳ ಸಂಖ್ಯೆಯ ಕೆಳಗೆ ಇನ್ನು ಮೂರು ಸಾಲು ಸೇರಿಸಲಿ: ಕರಡು ಓದಿ ತಿದ್ದಿದವರು ಯಾರು, ಚಿತ್ರ ಬರೆದವರು ಯಾರು, ಅವರಿಗೆ ಎಷ್ಟು ಕೊಟ್ಟಿರಿ.