ಕಾಯಿಸಿದ ಕಾನೂನು

ಸಿಗಂದೂರು, ತುಮರಿ ಕಡೆಯವರಿಗೆ ತಡವೆಂದರೇನೆಂದು ಗೊತ್ತು. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ, ಲಾಂಚ್ ನಿಂತ ಹೊತ್ತಿನಲ್ಲಿ ಬಸುರಿಗೆ ತೊಂದರೆಯಾದರೆ ಶರಾವತಿಯ ಹಿನ್ನೀರೇ ಅಡ್ಡ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. ಅವರಿಗೆ ಅಡ್ಡ ಬಂದದ್ದು ಕಾನೂನು.

2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೆ ಆಸ್ಪತ್ರೆಗೆ ಸೇರಿದಾಗ ಅವರಿಗೆ 17 ವಾರ. ಅಂದು ರಾತ್ರಿ ನೀರಿನ ಚೀಲ ಒಡೆಯಿತು. ಗರ್ಭ ಉಳಿಯದೆಂದು ವೈದ್ಯರಿಗೂ ಗೊತ್ತಿತ್ತು. ತೆಗೆದುಬಿಡಿ ಎಂದು ದಂಪತಿ ಕೇಳಿಕೊಂಡರೆ, ಭ್ರೂಣದ ಹೃದಯ ಬಡಿಯುತ್ತಿರುವಾಗ ಆಗದೆಂಬ ಉತ್ತರ! ಚೀಲ ಒಡೆದ ಮೇಲೆ ಸೋಂಕಿಗೆ ದಾರಿ ತೆರೆದಂತೆ. ಅದು ರಕ್ತಕ್ಕೆ ಹರಡಿದರೆ ಉಳಿಯುವುದು ಗಂಟೆಗಳ ಲೆಕ್ಕ. ಅಕ್ಟೋಬರ್ 28ರಂದು, 31ನೇ ವಯಸ್ಸಿನಲ್ಲಿ, ಸವಿತಾ ತೀರಿಕೊಂಡರು. ನಿಗಾ ವಹಿಸುವುದರಲ್ಲೂ ಲೋಪಗಳಾಗಿದ್ದವೆಂದು ತನಿಖೆ ಹೇಳಿತು, ನಿಜ. ಆದರೆ ಜೀವಕ್ಕೆ ಅಪಾಯ ಕಾಣುವ ತನಕ ವೈದ್ಯರು ಕೈಕಟ್ಟಿ ಕೂರಬೇಕಾದರೆ, ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ. 2018ರ ಮೇ 25ರ ಜನಮತದಲ್ಲಿ ಆ ನಿರ್ಬಂಧವನ್ನು ಸಂವಿಧಾನದಿಂದ ತೆಗೆಯಲು ಐರ್ಲೆಂಡಿನ ಜನ ಒಪ್ಪಿದರು.

ನಮ್ಮಲ್ಲಿ 1971ರ ಕಾಯಿದೆಯಿದೆ. ತಾಯಿಯ ಜೀವ ಉಳಿಸಲು ತಕ್ಷಣ ಅಗತ್ಯವೆಂದು ಒಬ್ಬ ಅರ್ಹ ವೈದ್ಯರಿಗೆ ಅನ್ನಿಸಿದರೆ ಸಾಕು, ವಾರಗಳ ಮಿತಿಯಿಲ್ಲ. ಗರ್ಭಪಾತವೆಲ್ಲ ಅಪರಾಧವೆಂದು ಹೆದರಿ ಮನೆಯಲ್ಲೇ ಕೂರುವುದು ಬೇಡ. ಬಸುರಿಗೆ ನೀರು ಹೋದರೆ, ಜ್ವರ, ನಡುಕ ಬಂದರೆ ಬೆಳಗಾಗಲಿ ಎನ್ನದೆ ಹೊರಡಬೇಕು.