ಕ್ರಮಸಂಖ್ಯೆಯೂ ಹಳೆಯ ಹೆಸರೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳಲ್ಲಿ ನನ್ನ ಬಳಿ ಓದಿದ ನೀವೆಲ್ಲ ಮನೆಗಳಲ್ಲಿ ಉಳಿದಿದ್ದ ಶಾಲಾ ದಿನಗಳ ಛಾಯಾಚಿತ್ರಗಳನ್ನು ಒಂದೆಡೆ ಕೂಡಿಸಲು ಹೊರಟಿರುವುದು ನನಗೆ ಬಹಳ ಸಂತೋಷದ ಸಂಗತಿ. ಬೀಳ್ಕೊಡುಗೆಯ ಗುಂಪುಚಿತ್ರಗಳು, ವಾರ್ಷಿಕೋತ್ಸವದ ನಾಟಕಗಳು, ಪ್ರವಾಸದ ಚಿತ್ರಗಳು (ಇವುಗಳಲ್ಲಿ ಮಳಖೇಡದ ಕೋಟೆಯ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತವೇ ಹೆಚ್ಚು), ಎಲ್ಲ ಸೇರಿ ಆರುನೂರು ದಾಟಿವೆ. ಇವುಗಳಿಗೆ ಕ್ರಮಸಂಖ್ಯೆಯ ಹೆಸರು ಕೊಡುವುದು ಹೇಗೆ ಎಂಬುದು ಈಗಿನ ಪ್ರಶ್ನೆ. ‘ಸರ್, ಅದಕ್ಕೆ ಸಿದ್ಧ ತಂತ್ರಾಂಶಗಳಿವೆ, ಒಂದು ಗುಂಡಿ ಒತ್ತಿದರೆ ಮುಗಿಯಿತು’ ಎಂದು ನಿಮ್ಮಲ್ಲಿ ಕೆಲವರು ಹೇಳಿದ್ದೀರಿ. ಮುಗಿಯುತ್ತದೆ, ನಿಜ. ಆದರೆ ಈ ಕೆಲಸವನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ಕಣ್ಣಾರೆ ನೋಡುತ್ತ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುತ್ತೇನೆ.

ಸಂಖ್ಯೆ ಬೇಕು ಎಂಬುದರಲ್ಲಿ ನನಗೂ ನಿಮಗೂ ಭೇದವಿಲ್ಲ. ಬಂದ ಹೆಸರುಗಳನ್ನು ನೋಡಿರಿ. ವಾಟ್ಸಾಪ್ ಮೂಲಕ ಬಂದ ಚಿತ್ರದ ಹೆಸರಿನಲ್ಲಿ ಅದು ಕೈಸೇರಿದ ದಿನಾಂಕವಿರುತ್ತದೆಯೇ ಹೊರತು ತೆಗೆದ ದಿನಾಂಕವಲ್ಲ. 1984ರ ಬೀಳ್ಕೊಡುಗೆಯ ಚಿತ್ರವೊಂದು 2023ರ ಹಣೆಬರಹ ಹೊತ್ತು ಕುಳಿತಿದೆ. ಊರಿನ ಹೆಸರಿಟ್ಟು ಕಳಿಸಿದವರಲ್ಲಿಯೂ ಏಕಮತವಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬರು ಸೇಡಂ ಎಂದು ಬರೆದರೆ, ರೈಲು ನಿಲ್ದಾಣದ ಫಲಕ ನೋಡಿ ಬೆಳೆದವರು ಸೇರಂ ಎಂದು ಬರೆದಿದ್ದಾರೆ. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಗುಲ್ಬರ್ಗದಿಂದ ಕಲಬುರಗಿಯಾಯಿತಾದ್ದರಿಂದ ಅಕಾರಾದಿಯಲ್ಲಿ ಒಂದೇ ಜಿಲ್ಲೆ ಎರಡು ಕಡೆ ಬಿದ್ದಿದೆ. ಚಿತ್ತಾಪುರ ತಾಲ್ಲೂಕಿನಲ್ಲಿದ್ದ ಶಹಾಬಾದ 2018ರಲ್ಲಿ ತಾನೇ ತಾಲ್ಲೂಕಾಯಿತು. ನುಡಿಯ ಹಳೆಯ ಅಕ್ಷರಗಳಲ್ಲಿ ಹೆಸರಿಟ್ಟವರ ಕಡತಗಳಂತೂ ಫೋಲ್ಡರಿನಲ್ಲಿ ವಿಚಿತ್ರ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಊರಿನ ಹೆಸರೂ ತಾಲ್ಲೂಕಿನ ಗಡಿಯೂ ಬದಲಾದೀತು, ಸಂಖ್ಯೆಗೆ ಆ ಚಿಂತೆಯಿಲ್ಲ.

ಸಂಖ್ಯೆಯನ್ನು ಮೂರು ಅಂಕಿಗಳಲ್ಲಿಯೇ ಬರೆಯಿರಿ: 001, 002, 010. ಅನೇಕ ಯಂತ್ರಗಳು ಹೆಸರನ್ನು ಎಡದಿಂದ ಅಕ್ಷರಕ್ಕೆ ಅಕ್ಷರ ಹೋಲಿಸುತ್ತವೆಯಾದ್ದರಿಂದ ಬರಿಯ 1, 2, 10 ಎಂದಿಟ್ಟರೆ 10 ಎಂಬುದು 2ಕ್ಕಿಂತ ಮೊದಲು ಬಂದು ನಿಲ್ಲುತ್ತದೆ. ವಿಂಡೋಸ್‌ನ ಫೋಲ್ಡರ್ ಕಿಟಕಿ ಎಕ್ಸ್‌ಪಿಯ ಕಾಲದಿಂದ ಈ ಅಂಕಿಗಳನ್ನು ಅಂಕಿಗಳೆಂದೇ ತಿಳಿಯುತ್ತದೆ. ಅದನ್ನು ನಂಬಿ ಅದೇ ಕಡತಗಳನ್ನು ಟಿವಿಗೆ ಚುಚ್ಚಿದವರಿಗೆ ಚಿತ್ರಗಳ ಕ್ರಮ ಕಲಸಿಹೋದುದರ ಅನುಭವವಿದ್ದೀತು.

ಇನ್ನು ವಿಧಾನ. ಕಮಾಂಡ್ ಪ್ರಾಂಪ್ಟ್ ತೆರೆದು, ಚಿತ್ರಗಳಿರುವ ಫೋಲ್ಡರಿಗೆ ಹೋಗಿ, ‘ಡಿರ್’ ಆಜ್ಞೆಯ ಮುಂದೆ ಓರೆಗೆರೆಯನ್ನೂ ‘ಬಿ’ ಅಕ್ಷರವನ್ನೂ ಹಾಕಿದರೆ ಬರಿಯ ಹೆಸರುಗಳ ಪಟ್ಟಿ ಬರುತ್ತದೆ. ‘ಇದಕ್ಕಿಂತ ದೊಡ್ಡದು’ ಎಂಬ ಗಣಿತದ ಚಿಹ್ನೆಯನ್ನು ಸೇರಿಸಿ ಅದನ್ನು ಒಂದು ಪಠ್ಯ ಕಡತಕ್ಕೆ ಇಳಿಸಿರಿ. (ಆ ಕಡತ ಅದೇ ಫೋಲ್ಡರಿನಲ್ಲಿದ್ದರೆ ಪಟ್ಟಿಯಲ್ಲಿ ಅದರ ಹೆಸರೂ ಸೇರಿಕೊಳ್ಳುತ್ತದೆ, ಆ ಸಾಲನ್ನು ಅಳಿಸಿಬಿಡಿ.) ಪಟ್ಟಿಯನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆಯಿರಿ. 2003ರಿಂದ ಉಚಿತವಾಗಿ ದೊರೆಯುತ್ತಿರುವ ತಂತ್ರಾಂಶವದು. ಒಂದು ಕಡೆ ಚಿತ್ರಗಳನ್ನೂ ಇನ್ನೊಂದು ಕಡೆ ಪಟ್ಟಿಯನ್ನೂ ಇಟ್ಟುಕೊಂಡು, ಸಾಲುಗಳನ್ನು ಕತ್ತರಿಸಿ ಅಂಟಿಸಿ, ಯಾವುದರ ಮುಂದೆ ಯಾವುದು ಬರಬೇಕೋ ಹಾಗೆ ಜೋಡಿಸಿರಿ. ಆಮೇಲೆ ಕಾಲಮ್ ಎಡಿಟರ್‌ಗೆ 1ರಿಂದ ಆರಂಭ, ಒಂದೊಂದೇ ಏರಿಕೆ, ಮುಂದೆ ಸೊನ್ನೆ ಎಂದು ಹೇಳಿದರೆ ಪ್ರತಿ ಸಾಲಿನ ಮೊದಲಿಗೂ ಸಂಖ್ಯೆ ಬಂದು ಕೂರುತ್ತದೆ. ಈ ಪಟ್ಟಿಯನ್ನು ಹೀಗೆಯೇ ಒಂದು ಪ್ರತಿ ಉಳಿಸಿರಿ.

ಇನ್ನೊಂದು ಪ್ರತಿಯಲ್ಲಿ, ಹುಡುಕಿ ಬದಲಿಸುವ ಸೌಲಭ್ಯದಿಂದ, ಪ್ರತಿ ಸಾಲನ್ನೂ ‘ರೆನ್’ ಎಂಬ ಆಜ್ಞೆ, ಉದ್ಧರಣ ಚಿಹ್ನೆಯೊಳಗೆ ಹಳೆಯ ಹೆಸರು, ಉದ್ಧರಣ ಚಿಹ್ನೆಯೊಳಗೆ ಹೊಸ ಹೆಸರು ಎಂಬ ರೂಪಕ್ಕೆ ತನ್ನಿರಿ. ಚುಕ್ಕೆಯ ನಂತರದ ಬಾಲ ಮೊದಲಿದ್ದಂತೆಯೇ ಇರಲಿ. ‘ಬ್ಯಾಟ್’ ಬಾಲದಿಂದ ಉಳಿಸಿ ಅದೇ ಫೋಲ್ಡರಿನಲ್ಲಿ ನಡೆಸಿದರೆ ಎಲ್ಲ ಹೆಸರುಗಳೂ ಬದಲಾಗುತ್ತವೆ. ಮನಸ್ಸು ಬದಲಾಯಿಸಿದಿರೋ, ಎರಡು ಹೆಸರುಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ನಡೆಸಿದರಾಯಿತು.

ಇದರಲ್ಲಿ ಎರಡು ಲಾಭಗಳಿವೆ. ಯಾವ ಚಿತ್ರ ಮೊದಲು, ಯಾವುದು ಆಮೇಲೆ ಎಂಬುದು ಯಂತ್ರಕ್ಕೆ ತಿಳಿಯದು. ನಾಟಕದ ಚಿತ್ರದಲ್ಲಿ ಅಂಗಳದ ಬೇವಿನ ಮರ ಇನ್ನೂ ಗಿಡವಾಗಿದೆ, ಆದ್ದರಿಂದ ಇದು ಆ ಗುಂಪುಚಿತ್ರಕ್ಕಿಂತ ಹಿಂದಿನದು ಎಂದು ಹೇಳಬಲ್ಲವರು ಆ ಅಂಗಳದಲ್ಲಿ ಆಡಿದವರು ಮಾತ್ರ. ಅವರೆಲ್ಲ ಈಗ ಐವತ್ತು ದಾಟಿದವರು. ಹೇಳುವವರಿರುವಾಗಲೇ ಸಾಲುಗಳನ್ನು ಜೋಡಿಸಬೇಕು.

ಎರಡನೆಯ ಲಾಭ ಆ ಉಳಿಸಿದ ಪಟ್ಟಿ, ನನಗೆ ಇದೇ ಮುಖ್ಯ. ಗುಂಡಿ ಒತ್ತಿ ಹೆಸರು ಬದಲಿಸುವವರು ಸಾಮಾನ್ಯವಾಗಿ ಹಳೆಯ ಹೆಸರನ್ನು ಎಲ್ಲಿಯೂ ಬರೆದಿಡುವುದಿಲ್ಲ. ಆ ಚಿತ್ರ ಯಾರ ಮನೆಯಿಂದ, ಯಾವಾಗ ಬಂತು ಎಂಬುದಕ್ಕೆ ಒರಟಾಗಿದ್ದರೂ ಅದೊಂದೇ ಸಾಕ್ಷಿ. ಶಾಲೆಯಲ್ಲಿ ನಿಮಗೆ ಎರಡು ಸಂಖ್ಯೆಗಳಿದ್ದುದು ನೆನಪಿದೆಯೇ? ಹಾಜರಿ ಪುಸ್ತಕದ ಸಂಖ್ಯೆ ವರ್ಷವರ್ಷವೂ ಬದಲಾಗುತ್ತಿತ್ತು. ದಾಖಲಾತಿ ಸಂಖ್ಯೆ ಸೇರಿದ ದಿನ ಬಿದ್ದದ್ದು, ವರ್ಗಾವಣೆ ಪತ್ರದವರೆಗೂ ಅದೇ. ಶಾಲೆ ಬಿಟ್ಟ ಹುಡುಗನ ದಾಖಲಾತಿ ಸಂಖ್ಯೆಯನ್ನು ಇನ್ನೊಬ್ಬನಿಗೆ ಕೊಡುವಂತಿರಲಿಲ್ಲ. ನಿಮ್ಮ ಚಿತ್ರಗಳ ಸಂಖ್ಯೆಯೂ ದಾಖಲಾತಿ ಸಂಖ್ಯೆಯಂತಿರಲಿ. 047ನೆಯದು ಎರಡನೆಯ ಪ್ರತಿಯೆಂದು ತೆಗೆದುಹಾಕಿದರೆ ಆ ಜಾಗ ಖಾಲಿಯೇ ಇರಲಿ, 048ನ್ನು ಎಳೆದು ತಂದು ಅಲ್ಲಿ ಕೂರಿಸಬೇಡಿರಿ.

ಖಾಲಿ ಜಾಗವೂ ಮಾತಾಡುತ್ತದೆ ಎಂಬುದಕ್ಕೆ ಚಿತ್ತಾಪುರದವರು ದೂರ ಹೋಗಬೇಕಾಗಿಲ್ಲ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಆ ಬಳಿಕ ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಬೆಳಕಿಗೆ ಬಂತು. ಅಶೋಕ ತನ್ನ ಬಂಡೆಗಲ್ಲಿನ ಶಾಸನಗಳಿಗೆ ಸಂಖ್ಯೆ ಹಾಕಿದವನಲ್ಲ. 14 ಶಾಸನಗಳ ಸರಣಿಗೆ ಸಂಖ್ಯೆ ಕೊಟ್ಟವರು ಅವನ್ನು ಓದಿದ ವಿದ್ವಾಂಸರು. ಆ ಸಂಖ್ಯೆಗಳಿದ್ದುದರಿಂದಲೇ ಸನ್ನತಿಯ ಕಲ್ಲಿನಲ್ಲಿರುವುದು 12 ಮತ್ತು 14ನೆಯವು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು ಎಂದು ಗುರುತಿಸಲು ಸಾಧ್ಯವಾಯಿತು. ಆ ಕಲ್ಲಿನಲ್ಲಿ 13ನೆಯದು ಇಲ್ಲವೆಂದು ಯಾರೂ 14ನ್ನು 13 ಎಂದು ತಿದ್ದಲಿಲ್ಲ.

ಸಂಖ್ಯೆ ಬದಲಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಶ್ರವಣಬೆಳಗೊಳದ ಶಾಸನಗಳನ್ನು ರೈಸ್ 1889ರಲ್ಲಿ ಪ್ರಕಟಿಸಿದಾಗ ಅವು 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅವು 500 ಆದವು. ಬೆಳೆದ ಸಂಗ್ರಹಕ್ಕೆ ಹೊಸ ಎಣಿಕೆ ಸಹಜ. ಹಳೆಯ ಪುಸ್ತಕದ ಉಲ್ಲೇಖ ಹಿಡಿದು ಬಂದವನಿಗೆ ಹೊಸದರಲ್ಲಿ ದಾರಿ ಸಿಗಬೇಕಾದರೆ ಎರಡೂ ಸಂಖ್ಯೆಗಳು ಎದುರುಬದುರು ಇರಬೇಕು.

ಆದ್ದರಿಂದ ಪ್ರತಿ ಊರಿನವರೂ ಚಿತ್ರಗಳ ಜೊತೆಗೆ ಪಟ್ಟಿಯನ್ನೂ ಕಳಿಸಬೇಕು. ಸಂಖ್ಯೆಯ ಮುಂದೆ ಊರಿನ ಹೆಸರಿನ ಎರಡಕ್ಷರ ಸೇರಿಸಿರಿ, ಇಲ್ಲವಾದರೆ ವಾಡಿಯ 001 ಚಿಂಚೋಳಿಯ 001ಕ್ಕೆ ಡಿಕ್ಕಿ ಹೊಡೆದೀತು. ಚಿಂಚೋಳಿಯವರು ಕಳಿಸಿದ ಚಂದ್ರಂಪಳ್ಳಿ ಕೆರೆಯ ಪ್ರವಾಸದ ಹನ್ನೆರಡು ಚಿತ್ರಗಳ ವರ್ಷ ಯಾರಿಗೂ ಹೊಳೆಯುತ್ತಿಲ್ಲ. ಅವನ್ನು ಕೊನೆಯಲ್ಲಿಟ್ಟು, ಪಟ್ಟಿಯಲ್ಲಿ ಹಳೆಯ ಹೆಸರಿನ ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿರಿ. ಮುಖಗಳನ್ನು ನೋಡಿ ಒಂದಿಷ್ಟು ಹೇಳಬಲ್ಲೆನೆಂದು ತೋರುತ್ತದೆ.