ಬೆಟ್ಟದೊಳಗಿನ ನೀರಿನ ಒತ್ತಡ

ಬೆಂಗಳೂರಿನಿಂದ ಬಂಗಾರಪೇಟೆಗೆ ರೈಲಿನಲ್ಲಿ ಹೋಗುವವರು ಟೇಕಲ್ಲಿನ ಬಂಡೆಗುಡ್ಡಗಳನ್ನು ಕಂಡೇ ಇರುತ್ತಾರೆ. ಗುಂಡಿನ ಮೇಲೆ ಗುಂಡು ಕುಳಿತಂತಿದ್ದರೂ ಅವು ತಲೆತಲಾಂತರದಿಂದ ಕದಲದೆ ನಿಂತಿವೆ. ಕೆರೆ ತುಂಬೀತೇ ಎಂದು ಮುಗಿಲು ನೋಡುವ ಈ ಸೀಮೆಯ ನಮಗೆ, ಮಳೆಗೆ ಬೆಟ್ಟವೇ ಕುಸಿದು ಬರುವುದೆಂದರೆ ನಂಬುವುದು ಕಷ್ಟ. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿಯೂ, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿಯೂ ನಡೆದುದು ಇದೇ. ಅದೇ ಜುಲೈ 30ರಂದು ನೆರೆಯ ವಯನಾಡಿನಲ್ಲಿ ಇನ್ನೂರಕ್ಕೂ ಮಿಕ್ಕು ಜನರು ಮಡಿದರು. ಪ್ರತಿಸಲವೂ ಸಂತಾಪ, ಪರಿಹಾರಧನ, ಮಂತ್ರಿಗಳ ಭೇಟಿ. ಅಲ್ಲಿಗೆ ಪ್ರಕರಣ ಮುಗಿಯಿತು.

ಮಳೆ ಹೆಚ್ಚಾಯಿತೆಂಬುದು ಅರ್ಧ ಉತ್ತರ ಮಾತ್ರ. ಇಳಿಜಾರಿನ ಮಣ್ಣು ನಿಲ್ಲುವುದು ಕಣಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ. ಸಂದುಗಳಲ್ಲಿ ನೀರು ತುಂಬಿ ಅದರ ಒತ್ತಡ ಏರಿದರೆ, ಮೇಲಿನ ಭಾರವನ್ನು ಕಣಗಳಿಗೆ ಬದಲಾಗಿ ನೀರೇ ಹೊರುತ್ತದೆ. ಹಿಡಿತ ಸಡಿಲಿ ಮಣ್ಣು ಕುಸಿಯುತ್ತದೆ. ಹರಿಯುವಾಗಲೂ ಆ ಒತ್ತಡ ಬೇಗನೆ ಇಳಿಯದಿದ್ದರೆ, ಕಲ್ಲುಮಣ್ಣಿನ ರಾಶಿ ಕೆಸರಿನ ಹೊಳೆಯಾಗಿ ಬಹುದೂರ ಸಾಗುತ್ತದೆ.

ಇದನ್ನು ಅಳೆಯುವುದು ಅಸಾಧ್ಯವಲ್ಲ. ಅಮೆರಿಕದ ಭೂಸರ್ವೇಕ್ಷಣ ಇಲಾಖೆಯವರು 1991ರಲ್ಲಿ ಆರೆಗಾನ್ ಪ್ರಾಂತ್ಯದಲ್ಲಿ 95 ಮೀಟರ್ ಉದ್ದದ ಕಾಂಕ್ರೀಟು ಕಾಲುವೆಯನ್ನು ಇಳಿಜಾರಿನಲ್ಲಿ ಕಟ್ಟಿ, ಕಲ್ಲುಮಣ್ಣನ್ನು ಹರಿಯಬಿಟ್ಟು, ತಳದಲ್ಲಿ ಒತ್ತಡಮಾಪಕಗಳನ್ನು ಇಟ್ಟು ನೋಡಿದರು. ದಪ್ಪ ಕಲ್ಲುಗಳಿರುವ ಮುಂಭಾಗದಲ್ಲಿ ನೀರಿನ ಒತ್ತಡ ಕಡಿಮೆ. ಹಿಂದಿನ ಕೆಸರಿನಲ್ಲಿ ಅದು ರಾಶಿಯ ಭಾರವನ್ನು ಬಹುಮಟ್ಟಿಗೆ ತಾನೇ ಹೊರುವಷ್ಟು. ಸ್ವಿಟ್ಜರ್ಲೆಂಡಿನ ಇಲ್‌ಗ್ರಾಬೆನ್ ಕಣಿವೆಯಲ್ಲಿ ನಿಜವಾದ ಹರಿವನ್ನೇ ಹಳ್ಳದ ತಳದಲ್ಲಿ ಅಳೆದಿದ್ದಾರೆ.

ಪರದೇಶದ ಅಂಕಿಗಳನ್ನು ನಮ್ಮ ಘಟ್ಟದ ಜಂಬಿಟ್ಟಿಗೆ ಮಣ್ಣಿಗೆ ಹಾಗೆಯೇ ಅನ್ವಯಿಸಲಾಗದು. ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರ ನಕ್ಷೆಗಳು ಅಪಾಯ ಎಲ್ಲಿ ಎಂಬುದನ್ನು ಹೇಳುತ್ತವೆ, ಎಂದು ಎಂಬುದನ್ನಲ್ಲ. ಇಳಿಜಾರಿನೊಳಗಿನ ಒತ್ತಡ ತಿಳಿದರೆ ಜನರನ್ನು ಯಾವಾಗ ತೆರವು ಮಾಡಿಸಬೇಕೆಂಬುದೂ, ಹರಿವಿನೊಳಗಿನ ಒತ್ತಡ ತಿಳಿದರೆ ಮನೆಗಳನ್ನು ಎಷ್ಟು ದೂರ ಕಟ್ಟಬೇಕೆಂಬುದೂ ನಿರ್ಧಾರವಾದೀತು.

ಆದುದರಿಂದ ಸರ್ಕಾರದವರು ಕೊಡಗು ಮತ್ತು ಉತ್ತರ ಕನ್ನಡಗಳಲ್ಲಿ ಕೆಲವು ಇಳಿಜಾರುಗಳನ್ನೂ ಹಳ್ಳಗಳನ್ನೂ ಆರಿಸಿ, ಇಂತಹ ಮಾಪಕಗಳನ್ನು ಹೂಳಿಸಿ, ಮಳೆಗಾಲದ ಅಳತೆಗಳನ್ನು ದಿನಂಪ್ರತಿ ಕನ್ನಡದಲ್ಲಿ ಪ್ರಕಟಿಸತಕ್ಕದ್ದು. ಖರ್ಚು ಹೆಚ್ಚೆನ್ನುವ ಅಧಿಕಾರಿಗಳು ಅದನ್ನು ಪರಿಹಾರಧನದ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಲಿ. ಹೆಣಗಳನ್ನು ಎಣಿಸುವುದಕ್ಕಿಂತ ನೀರನ್ನು ಅಳೆಯುವುದು ಅಗ್ಗ. ಪ್ರಜೆಗಳ ಪ್ರಾಣ ಕಾಯುವ ಸರ್ಕಾರದ ಧರ್ಮವೂ ಅದೇ.